ಶರೀಫಾಕನ ಕಾರಿನ ಕದಿನ

ಎಲ್ಲ ಶುರುವಾದದ್ದು ಒಂದು ಕಟಕಟ ಸದ್ದಿನಿಂದ. ಅಂಥ ದೊಡ್ಡ ಸದ್ದೇನೂ ಅಲ್ಲ. ಏರು ಹತ್ತುವಾಗ ಮಾತ್ರ, ಶರೀಫಾಕನ ಕಾರಿನ ಮೂತಿಯೊಳಗೆ ಯಾರೋ ಕೂತು ಅಡಿಕೆ ಕತ್ತರಿಸಿದ ಹಾಗೆ ಕೇಳುತ್ತಿತ್ತು. ಬೇರೆಯವರಾಗಿದ್ದರೆ ಕೇಳಿಯೂ ಕೇಳದ ಹಾಗೆ ಇದ್ದುಬಿಡುತ್ತಿದ್ದರು. ಶರೀಫಾಕನ ಕಿವಿಗೆ ಮಾತ್ರ ಅದು ಅತ್ತೆ ಮೈಮೂನಮ್ಮ ಹಲ್ಲು ಕಡಿದ ಹಾಗೆ ಕೇಳಿಸಿತು.

ಪಾಣೆಮಂಗಳೂರು ಪೇಟೆಯಲ್ಲಿ ಹೊಗೆಸೊಪ್ಪಿನ ಅಂಗಡಿ ಇಟ್ಟುಕೊಂಡಿದ್ದ ಶರೀಫಾಕನಿಗೆ ಕಾರು ಬೇಕೆಂದು ಯಾರೂ ಹೇಳಿರಲಿಲ್ಲ. ಕಾಫಿ ತೋಟದ ಬಿಳಿ ದೊರೆಯೊಬ್ಬ ಸೀಮೆಗೆ ಹಡಗು ಹತ್ತುವ ಅವಸರದಲ್ಲಿ ಸಿಕ್ಕಿದವರಿಗೆ ಸಿಕ್ಕಿದ್ದನ್ನು ಮಾರುತ್ತಿದ್ದ. ಅಲ್ಲಿಗೆ ಹೊಗೆಸೊಪ್ಪು ಕೊಡಲು ಹೋದ ಶರೀಫಾಕ ಕಾರು ತೆಗೆದುಕೊಂಡು ಮನೆಗೆ ಬಂದ. ಅಂದಿನಿಂದ ಪೇಟೆಯ ಜನ ಅವನ ಆರೋಗ್ಯ ವಿಚಾರಿಸುವುದನ್ನು ಬಿಟ್ಟು ಕಾರಿನ ಆರೋಗ್ಯ ವಿಚಾರಿಸತೊಡಗಿದರು.

ಹೆಂಡತಿ ಝೈನಬಳ ತವರು ಮೂಡಬಿದ್ರೆ. ಗಂಡ ಹೆಂಡತಿ ಎರಡು ಸಲ ಕಾರಿನಲ್ಲಿ ಅಲ್ಲಿಗೆ ಹೊರಟಿದ್ದರು. ಒಂದು ಸಲ ಸಿದ್ಧಕಟ್ಟೆಯಿಂದ ಎತ್ತಿನ ಗಾಡಿಯವನೊಬ್ಬ ಕಾರನ್ನು ವಾಪಸು ಎಳೆದು ತಂದ. ಇನ್ನೊಂದು ಸಲ ಅದು ಬಂಟ್ವಾಳ ಪೇಟೆಯ ನಡುವೆಯೇ ನಿಂತಿತು. ನೂಕಲು ಬಂದವರಲ್ಲಿ ಮೈಮೂನಮ್ಮನ ಸಂಬಂಧಿಕರೊಬ್ಬರು ಇದ್ದರು. ಕಾರು ಮುಟ್ಟದ ಮೂಡಬಿದ್ರೆಯನ್ನು ಸುದ್ದಿ ಅದೇ ಸಂಜೆ ಮುಟ್ಟಿತು. "ಅಳಿಯ ತಕ್ಕೊಂಡದ್ದು ಕಾರಾ, ಕೋಳಿಗೂಡಾ?" ಎಂದು ಮೈಮೂನಮ್ಮ ಕೇಳಿದ ಮಾತು ನೆಂಟರ ಮನೆಗಳಲ್ಲೆಲ್ಲ ಸುತ್ತಾಡಿ ಕೊನೆಗೆ ಶರೀಫಾಕನ ಅಂಗಡಿಯ ಜಗಲಿಗೂ ಬಂದು ಕೂತಿತು.

ಅದು ಐವತ್ತೊಂದನೆಯ ಇಸವಿ. ರಂಜಾನ್ ತಿಂಗಳು ಆ ವರ್ಷ ಸರಿಯಾಗಿ ಜೂನಿನ ಮಳೆಯ ಬಾಯಿಗೆ ಬಂದು ಬಿದ್ದಿತ್ತು. ಮೈಮೂನಮ್ಮ ಮಗಳನ್ನೂ ಅಳಿಯನನ್ನೂ ರಾತ್ರಿಯ ಊಟಕ್ಕೆ ಕರೆದಿದ್ದರು. ಬೆಳಿಗ್ಗೆ ಝೈನಬ್ ಟ್ರಂಕಿಗೆ ಬಟ್ಟೆ ತುಂಬುತ್ತ ಗಂಡನಿಗೆ ಹೇಳಿದಳು:

"ಕೇಳಿ, ಇವತ್ತು ಈ ಕಾರು ನನ್ನ ಉಮ್ಮನ ಅಂಗಳ ಮುಟ್ಟಬೇಕು. ಮುಟ್ಟದಿದ್ದರೆ ನಾಳೆ ಗುಜರಿಯವನು ಬಂದು ಹೊತ್ತುಕೊಂಡು ಹೋಗ್ಲಿ. ಮತ್ತೆ ಈ ಮನೆಯಲ್ಲಿ ಕಾರಿನ ಸುದ್ದಿ ಎತ್ಬಾರದು."

"ಮುಟ್ತದೆ ಮಾರಾಯ್ತಿ. ಒಂದು ಸಣ್ಣ ಕಟಕಟ ಉಂಟು, ಅದನ್ನು ಸರಿ ಮಾಡಿದರೆ ಮುಗೀತು."

"ಸಣ್ಣದು ಅಂತ ನೀವು ಹೇಳುವಾಗಲೇ ನನಗೆ ಹೆದರಿಕೆ ಆಗುವುದು."

ಶರೀಫಾಕ ಹೆದರಲಿಲ್ಲ. ಹೆದರಬೇಕಾದ ಹೊತ್ತಿಗೆ ಹೆದರದಿರುವುದು ಅವನ ಹುಟ್ಟುಗುಣ. ಮುಳಿಹುಲ್ಲಿನ ಮಾಡಿನ ಕೆಳಗೆ ನಿಂತಿದ್ದ ಕಾರಿನ ಮುಚ್ಚಳ ಎತ್ತಿದ. ಕಟಕಟ ಎಂದರೆ ಟೈಮಿಂಗ್ ತಪ್ಪಿದೆ ಎಂದು ಅವನು ಕೇಳಿ ತಿಳಿದಿದ್ದ. ಇಂಜಿನಿನ ಹೊಟ್ಟೆಯಲ್ಲಿ ನಾಲ್ಕು ಕೊಳವೆಗಳು. ಒಂದೊಂದರಲ್ಲೂ ಪೆಟ್ರೋಲಿನ ಆವಿ ಒತ್ತಿಕೊಂಡ ಹೊತ್ತಿಗೆ ಸರಿಯಾಗಿ ಕಿಡಿ ಬೀಳಬೇಕು. ಕಿಡಿಯನ್ನು ಸರದಿಯ ಮೇಲೆ ಹಂಚುವುದು ಡಿಸ್ಟ್ರಿಬ್ಯೂಟರ್ ಎಂಬ ಕರಿಯ ಡಬ್ಬಿ. ಡಬ್ಬಿಯನ್ನು ಆಚೆ ತಿರುಗಿಸಿದರೆ ಕಿಡಿ ಬೇಗ ಬೀಳುತ್ತದೆ, ಈಚೆ ತಿರುಗಿಸಿದರೆ ತಡವಾಗಿ ಬೀಳುತ್ತದೆ. ಕಟಕಟಿಸುವ ಇಂಜಿನಿನಲ್ಲಿ ಕಿಡಿಗೆ ಅವಸರ. ಈಚೆಗೆ ಒಂದು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು.

ಶರೀಫಾಕ ಡಬ್ಬಿಯನ್ನು ಬಿಗಿದು ಹಿಡಿದಿದ್ದ ಬೋಲ್ಟನ್ನು ಬಿಚ್ಚಿದ. ಕೆಸರಿನಲ್ಲಿ ಕಳೆದುಹೋದೀತೆಂದು ಅದನ್ನು ಜೋಪಾನವಾಗಿ ಸೊಂಟದ ಅಗಲ ಹಸಿರು ಪಟ್ಟಿಯ ಚೀಲದೊಳಗೆ ಇಳಿಸಿದ. ಇನ್ನೇನು ತಿರುಗಿಸಬೇಕು, ಬೇಲಿಯ ಆಚೆಯಿಂದ ತಲೆಯೊಂದು ಮೂಡಿತು.

"ಎಂತ ಶರೀಫಾಕ, ಆಪರೇಷನಾ?"

ಬಗಲಿನ ಮನೆಯ ಭೋಜ. ಬೆಳ್ತಂಗಡಿ ಬಸ್ಸಿನ ಡ್ರೈವರ್. ರಸ್ತೆಗೆ ಹೊಳೆನೀರು ಬಂದು ಬಸ್ಸು ನಿಂತದ್ದರಿಂದ ಅವನಿಗೆ ಅಂದು ಪುರುಸೊತ್ತು. ಪುರುಸೊತ್ತಿರುವ ಡ್ರೈವರನಿಗೆ ತೆರೆದ ಇಂಜಿನು ಎಂದರೆ ನೊಣಕ್ಕೆ ಹಲಸಿನ ಹಣ್ಣು.

"ಸ್ವಲ್ಪ ಟೈಮಿಂಗ್ ನೋಡುವ ಅಂತ, ಭೋಜಣ್ಣ."

"ನೀವು ಬಿಡಿ. ಬಸ್ಸಿನಷ್ಟು ದೊಡ್ಡ ಇಂಜಿನು ನೋಡಿದ ಕೈ ಇದು." ಭೋಜ ಬೇಲಿ ಹಾರಿ ಬಂದು ಡಬ್ಬಿಯನ್ನು ಆಚೆಗೆ ಒಂದು ಗೇಣು ತಿರುಗಿಸಿದ. "ಕಿಡಿ ಬೇಗ ಬಿದ್ದಷ್ಟು ಎಳೆಯುವ ಶಕ್ತಿ ಜಾಸ್ತಿ. ಹ್ಯಾಂಡ್ಲು ಹೊಡೀರಿ."

ಶರೀಫಾಕ ಮುಂದೆ ಹೋಗಿ ಬಾಗಿ, ಇಂಜಿನು ಚಾಲೂ ಮಾಡುವ ಹ್ಯಾಂಡ್ಲು ತಿರುಗಿಸಿದ. ಕಿಡಿ ಬೇಗ ಬಿತ್ತು, ಬಹಳ ಬೇಗ ಬಿತ್ತು. ಹ್ಯಾಂಡ್ಲು ಹೇಸರಗತ್ತೆಯ ಹಿಂಗಾಲಿನಂತೆ ವಾಪಸು ಒದೆಯಿತು. ಶರೀಫಾಕ ಬಾಳೆಬುಡದ ಕೆಸರಿನಲ್ಲಿ ಅಂಗಾತ ಬಿದ್ದು ಆಕಾಶ ನೋಡಿದ. ಅವನ ಬಾಯಿ ತೆರೆಯಿತು, ಒಂದು ಮಾತು ತುದಿನಾಲಿಗೆಯವರೆಗೆ ಬಂತು, ಮತ್ತೆ ಬಾಯಿ ಮುಚ್ಚಿತು.

"ಬೈಯಿರಿ ಶರೀಫಾಕ, ನೋವು ಕಮ್ಮಿ ಆಗ್ತದೆ," ಎಂದ ಭೋಜ.

"ನೋಂಬು ಹಿಡಿದವನು ಬೈಬಾರದು, ಭೋಜಣ್ಣ."

"ಹೌದಲ್ಲ! ಹಾಗಾದ್ರೆ ನೀವು ಸುಮ್ಮನಿರಿ, ನಿಮ್ಮ ಪಾಲಿಂದನ್ನು ನಾನು ಬೈತೇನೆ."

ಭೋಜ ಕಾರಿನ ಎದುರು ನಿಂತು, ಕಾರನ್ನೂ ಅದನ್ನು ಮಾಡಿದವರನ್ನೂ ಮಾರಿದ ದೊರೆಯನ್ನೂ ತುಳುವಿನಲ್ಲಿ ಮನಸ್ಸಿಟ್ಟು ಬೈದ. ಶರೀಫಾಕನಿಗೆ ನಿಜವಾಗಿಯೂ ನೋವು ಸ್ವಲ್ಪ ಕಡಿಮೆಯಾಯಿತು. ನೆರೆಹೊರೆ ಅಂದರೆ ಹೀಗಿರಬೇಕು ಎಂದುಕೊಂಡ.

ಬೈಗುಳ ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದ ಕೊಡೆಯೊಂದು ಒಳಗೆ ತಿರುಗಿತು. ಕೊಡೆಯ ಕೆಳಗೆ ವಾಚ್ ರಿಪೇರಿಯ ನಿತ್ಯಾನಂದ ಪ್ರಭು.

"ಎಂತದು ಗಲಾಟೆ?"

"ಟೈಮಿಂಗ್ ಸರಿ ಇಲ್ಲ, ಪ್ರಭುಗಳೇ."

"ಟೈಮಿಂಗಾ? ಹೊತ್ತಿನ ವಿಷಯಕ್ಕೆ ಪಾಣೆಮಂಗಳೂರಲ್ಲಿ ನನ್ನನ್ನು ಬಿಟ್ಟು ಬಸ್ಸಿನವರನ್ನು ಕೇಳಿದ್ದು ಯಾಕೆ? ಯಾವ ಬಸ್ಸು ಎಂದು ಹೊತ್ತಿಗೆ ಬಂದದ್ದುಂಟು?" ಪ್ರಭುಗಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಂಜಿನಿನ ಮೇಲೆ ಬಗ್ಗಿದರು. "ಇದು ಫಾಸ್ಟ್ ಹೋಗ್ತಾ ಉಂಟು. ಸ್ಲೋ ಮಾಡ್ಬೇಕು. ಗಡಿಯಾರವೂ ಅಷ್ಟೇ, ಇಂಜಿನೂ ಅಷ್ಟೇ."

ಹಾಗೆಂದು ಡಬ್ಬಿಯನ್ನು ಈಚೆಗೆ ಎರಡು ಗೇಣು ತಿರುಗಿಸಿದರು. ಭೋಜ ಸುಮ್ಮನಿರಲಿಲ್ಲ, ಮತ್ತೆ ಆಚೆಗೆ ಅರ್ಧ ಗೇಣು ತಂದ. ಇಬ್ಬರೂ ಕೈ ತೆಗೆಯದೆ ಒಬ್ಬರ ಮುಖ ಒಬ್ಬರು ನೋಡಿದರು. ಡಬ್ಬಿ ಬಿಗಿಯಾಗಿ ಕೂತಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೆ ಮತ್ತೊಬ್ಬನ ತಪ್ಪನ್ನು ತಿದ್ದಿ ಮುಗಿಯುವ ಮೊದಲು ಬಿಗಿಯುವುದು ಹೇಗೆ? ಬೋಲ್ಟು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೆಸರು ಒರೆಸಿಕೊಳ್ಳುತ್ತಿದ್ದ ಶರೀಫಾಕನಿಗೆ ಅದು ನೆನಪಾಗಲೂ ಇಲ್ಲ.

"ಈಗ ಹೊಡೀರಿ," ಎಂದರು ಇಬ್ಬರೂ.

ಶರೀಫಾಕ ಈ ಸಲ ಮೈಯನ್ನು ದೂರವಿಟ್ಟು ಹ್ಯಾಂಡ್ಲು ಎಳೆದ. ಕಾರು ಒಮ್ಮೆ ಕೆಮ್ಮಿತು, ಉಸಿರು ಬಿಗಿಹಿಡಿಯಿತು. ಹಿಂದಿನ ಕೊಳವೆಯಿಂದ ಬೆಂಕಿಯ ನಾಲಿಗೆಯೊಂದು ಹೊರಬಂತು.

ಢಮ್!

ಮಾಡಿನ ಹುಲ್ಲು ಉದುರಿತು. ಕೋಳಿಗಳು ತೆಂಗಿನಮರದ ಅರ್ಧದವರೆಗೆ ಹಾರಿದವು. ನೇತ್ರಾವತಿಯ ಆಚೆ ದಡದಿಂದ ಆ ಸದ್ದು ಮತ್ತೊಮ್ಮೆ ತಿರುಗಿ ಬಂತು.

"ನಿಮ್ಮಿಂದ ಆದದ್ದು," ಎಂದ ಭೋಜ.

"ನಿನ್ನಿಂದ," ಎಂದರು ಪ್ರಭುಗಳು.

ಈ ವಾದ ಅರ್ಧ ಗಂಟೆ ಕಳೆದರೂ ಕಾವೇರುತ್ತಲೇ ಇರುವಾಗ ಮಸೀದಿಯ ಜಮಾಅತಿನ ಕಾರ್ಯದರ್ಶಿ ಅಬ್ದುಲ್ ರವೂಫ್ ಕೊಡೆಯನ್ನೂ ಬಿಚ್ಚದೆ ನೆನೆಯುತ್ತ ಅಂಗಳಕ್ಕೆ ನುಗ್ಗಿದರು.

"ಯಾರು ಇಲ್ಲಿ ಕದಿನ ಹೊಡೆದದ್ದು?"

ಮೂವರೂ ಒಬ್ಬರನ್ನೊಬ್ಬರು ತೋರಿಸಿದರು.

ರಂಜಾನಿನಲ್ಲಿ ಹೊತ್ತು ಮುಳುಗಿದ ಕೂಡಲೇ ಮಸೀದಿಯ ಹಿಂದಿನ ದಿಣ್ಣೆಯ ಮೇಲೆ ಕಬ್ಬಿಣದ ಕುಳಿಗೆ ಸಿಡಿಮದ್ದು ಜಡಿದು ಸಿಡಿಸುತ್ತಿದ್ದರು. ಅದೇ ಕದಿನ. ಜಡಿಮಳೆಯಲ್ಲಿ ನಮಾಜಿಗೆ ಕರೆಯುವ ಬಾಂಗಿನ ಧ್ವನಿ ನಾಲ್ಕು ಮನೆ ದಾಟುವುದಿಲ್ಲ. ಕದಿನದ ಸದ್ದು ಹೊಳೆ ದಾಟುತ್ತದೆ. ಸೂರ್ಯನ ಮುಖವೇ ಕಾಣದ ಆ ದಿನಗಳಲ್ಲಿ ಸಂಜೆಯಾದರೆ ಮನೆಮನೆಯಲ್ಲೂ ಖರ್ಜೂರ ಕೈಯಲ್ಲಿ ಹಿಡಿದು ಕದಿನಕ್ಕೆ ಕಿವಿಗೊಟ್ಟು ಕೂರುತ್ತಿದ್ದರು.

ರವೂಫರ ತಾಯಿ ಖದೀಜಮ್ಮ ಬೆಳಗಿನ ನಮಾಜು ಮುಗಿಸಿ ಚಾಪೆಗೆ ಒರಗಿದವರು ಹಾಗೆಯೇ ನಿದ್ದೆ ಹೋಗಿದ್ದರು. ಢಮ್ ಎಂಬ ಸದ್ದಿಗೆ ಎಚ್ಚರವಾಯಿತು. ಹೊರಗೆ ನೋಡಿದರೆ ಮೋಡದ ಕತ್ತಲೆ. ಬಿಸ್ಮಿ ಹೇಳಿ ಖರ್ಜೂರ ತಿಂದರು. ನೀರು ಕುಡಿದರು. ಮುಚ್ಚಿಟ್ಟಿದ್ದ ಅಕ್ಕಿಯ ಪತ್ತಿರ್ ರೊಟ್ಟಿಯನ್ನು ಮೀನಿನ ಸಾರಿನಲ್ಲಿ ಅದ್ದಿ ತಿಂದರು. ಮಗ ಮನೆಗೆ ಬರುವಾಗ ವೀಳ್ಯ ಜಗಿಯುತ್ತ ಕೂತಿದ್ದ ಅವರು, "ಇವತ್ತಿನ ನೋಂಬು ಗೊತ್ತೇ ಆಗ್ಲಿಲ್ಲ ಮಗ, ಎಷ್ಟು ಬೇಗ ಮುಗೀತು!" ಎಂದರಂತೆ.

"ಬುದ್ಧಿ ಬಂದಂದಿನಿಂದ ಒಂದು ನೋಂಬು ಬಿಟ್ಟವರಲ್ಲ ನನ್ನ ಉಮ್ಮ," ಎಂದು ರವೂಫರು ಬಿಚ್ಚದ ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ನಿನ್ನ ಕಾರು ಬಿಡಿಸಿತು. ಇನ್ನು ರಂಜಾನ್ ಕಳೆದ ಮೇಲೆ ಅವರು ಇದಕ್ಕೆ ಬದಲು ಹಿಡಿಯಬೇಕು."

"ಅವರ ಜೊತೆ ನಾನೂ ಒಂದು ಹಿಡಿತೇನೆ, ರವೂಫಾಕ."

"ನೀನು ಎಂತದೂ ಹಿಡಿಯುವುದು ಬೇಡ! ಮೊದಲು ಆ ಹ್ಯಾಂಡ್ಲು ಬಿಡು."

ಶರೀಫಾಕ ಹ್ಯಾಂಡ್ಲು ಬಿಟ್ಟ. ರವೂಫರು ಹೊರಡಲು ತಿರುಗಿದವರು ಅಲ್ಲೇ ನಿಂತರು. ಕಾರಿನ ಹಿಂದೆ ಹೋಗಿ ಮಸಿ ಮೆತ್ತಿದ ಕೊಳವೆಯನ್ನು ದಿಟ್ಟಿಸಿ ನೋಡಿದರು. ಅವರ ಸಿಟ್ಟು ನಿಧಾನವಾಗಿ ಇಳಿದು ಅದರ ಜಾಗದಲ್ಲಿ ಇನ್ನೇನೋ ಏರುತ್ತಿರುವುದು ಕಂಡಿತು. ಶರೀಫಾಕನಿಗೆ ಸಿಟ್ಟೇ ವಾಸಿಯೆನ್ನಿಸಿತು.

"ಇದರ ಸದ್ದು ಎಷ್ಟು ದೂರ ಕೇಳ್ತದೆ?"

"ಹೊಳೆ ದಾಟಿ ತಿರುಗಿ ಬಂತು," ಎಂದ ಭೋಜ ಹೆಮ್ಮೆಯಿಂದ.

ರವೂಫರು ಕಾರಿನ ಮೇಲೆ ಕೈಯಿಟ್ಟರು. "ನಿನ್ನೆಯ ಗಾಳಿಗೆ ಮಾಡು ಸೋರಿ ಮಸೀದಿಯ ಮದ್ದೆಲ್ಲ ಗಂಜಿಯಾಗಿದೆ. ಸಂಜೆಗೆ ಕದಿನ ಇಲ್ಲ. ಭೋಜ, ನಿಮ್ಮ ದೇವಸ್ಥಾನದಲ್ಲಿ ಸ್ವಲ್ಪ ಮದ್ದು ಸಿಗ್ಬಹುದಾ?"

"ಎಲ್ಲಿಂದ ರವೂಫಾಕ! ಪತ್ತನಾಜೆ ಕಳೀತಲ್ಲ. ದೈವಗಳ ಕೋಲ, ನೇಮ ಎಲ್ಲ ಆ ದಿನಕ್ಕೇ ನಿಂತಿತು. ಇನ್ನು ಮಳೆ ಬಿಡುವವರೆಗೆ ಯಾವ ದೈವಕ್ಕೂ ಮದ್ದಿಲ್ಲ."

"ಹಾಗಾದರೆ ಇವತ್ತಿನ ಕದಿನ ಇದೇ," ಎಂದು ರವೂಫರು ಕಾರಿಗೆ ಒಂದು ಪೆಟ್ಟು ಕೊಟ್ಟರು. "ಶರೀಫ್, ಹೊತ್ತು ಮುಳುಗುವಾಗ ನೀನು ಇದನ್ನು ಹೊಡೀಬೇಕು."

"ಅಯ್ಯೋ, ನಾನು ಮೂಡಬಿದ್ರೆಗೆ ಹೋಗ್ಬೇಕು! ಅತ್ತೆ ಕಾಯ್ತಾರೆ."

"ಜಮಾಅತ್ ದೊಡ್ಡದಾ, ಅತ್ತೆ ದೊಡ್ಡದಾ?"

ಶರೀಫಾಕ ಸ್ವಲ್ಪ ಯೋಚಿಸಿದ. "ನೋಂಬಿನಲ್ಲಿ ಸುಳ್ಳು ಹೇಳ್ಲಿಕ್ಕಾಗುವುದಿಲ್ಲ, ರವೂಫಾಕ. ಅತ್ತೆಯೇ ದೊಡ್ಡವರು."

ಒಳಗಿನಿಂದ ಇದನ್ನೆಲ್ಲ ಕೇಳುತ್ತಿದ್ದ ಝೈನಬ್ ಕಿಟಕಿಗೆ ಬಂದಳು. ಊರಿನ ನೋಂಬಿನ ಮಾತು ಬಂದಾಗ ಅವಳೂ ಸಡಿಲವಾಗಲೇಬೇಕಾಯಿತು. "ಕದಿನ ಆಗ್ಲಿ. ಆದ ಕೂಡಲೇ ಹೊರಡುವ. ಊಟದ ಹೊತ್ತಿಗಾದರೂ ಕಾರು ಉಮ್ಮನ ಅಂಗಳದಲ್ಲಿ ಇರಬೇಕು. ಅದರಲ್ಲಿ ಮಾತ್ರ ಬದಲಿಲ್ಲ," ಎಂದು ಕಿಟಕಿ ಮುಚ್ಚಿದಳು.

ಅಲ್ಲಿಂದ ಕಾರಿನ ಯೋಗವೇ ತಿರುಗಿತು. ಅಷ್ಟು ಹೊತ್ತು ಢಮ್ ಸದ್ದು ತನ್ನದಲ್ಲವೆಂದು ಆಣೆ ಹಾಕುತ್ತಿದ್ದ ಇಬ್ಬರೂ ಈಗ ಅದು ತನ್ನದೇ ಎಂದು ಹಟ ಹಿಡಿದರು. ತಾನು ಕೊನೆಗೆ ತಿರುಗಿಸಿದ ಅರ್ಧ ಗೇಣಿನಿಂದಲೇ ಕದಿನ ಬಿದ್ದದ್ದು ಎಂದ ಭೋಜ. ತಾನು ಎರಡು ಗೇಣು ತಿರುಗಿಸದಿದ್ದರೆ ಆ ಅರ್ಧ ಗೇಣು ಎಲ್ಲಿರುತ್ತಿತ್ತು ಎಂದರು ಪ್ರಭುಗಳು. ನೋಡಲು ಬಂದವರೆಲ್ಲ ಡಬ್ಬಿಯನ್ನು ಒಮ್ಮೆ ಮುಟ್ಟಿ, ಸ್ವಲ್ಪ ಅಲ್ಲಾಡಿಸಿ, ಭಕ್ತಿಯಿಂದ ಹೋದರು.

"ಒಂದು ಸಲ ಹೊಡೆದು ನೋಡುವ," ಎಂದ ಶರೀಫಾಕ.

ರವೂ‌ಫರು ಹೌಹಾರಿದರು. "ನೋಡ್ಲಿಕ್ಕೆ ಅಂತ ಹೊಡೆದರೆ ಇಡೀ ಊರು ಖರ್ಜೂರ ತಿಂತದೆ ಮಾರಾಯ! ಹೊತ್ತು ಮುಳುಗುವವರೆಗೆ ಯಾರೂ ಹ್ಯಾಂಡ್ಲು ಮುಟ್ಬಾರದು."

ಸರಿಯೇ ಆದ ಮಾತು. ಸಂಜೆಯವರೆಗೆ ಕಾರು ಮಾಡಿನ ಕೆಳಗೆ ಗರ್ಭಿಣಿಯ ಹಾಗೆ ವಿಶ್ರಾಂತಿ ಪಡೆಯಿತು. ಕದಿನ ಈ ಸಲ ಶರೀಫಾಕನ ಮನೆಯಿಂದ ಬೀಳುತ್ತದೆಂದು ಮನೆಮನೆಗೆ ಸುದ್ದಿ ಹೋಯಿತು. ಶರೀಫಾಕ ಮಾತ್ರ ಜಗಲಿಯಲ್ಲಿ ಕೂತು ಒಂದೇ ಚಿಂತೆ ಮಾಡುತ್ತಿದ್ದ: ಢಮ್ ಎಂದು ಸಿಡಿದ ಕಾರನ್ನು ಮತ್ತೆ ಓಡುವ ಹಾಗೆ ಮಾಡುವುದು ಹೇಗೆ?

"ಅದು ನನಗೆ ಬಿಡಿ," ಎಂದ ಭೋಜ. "ಕದಿನ ಬಿದ್ದ ಮೇಲೆ ಎಲೆ ಅಡಿಕೆ ಹಾಕುವಷ್ಟರಲ್ಲಿ ಸರಿ ಮಾಡಿ ಕೊಡ್ತೇನೆ."

ಸಂಜೆ ಅಂಗಳದ ತುಂಬ ಕೊಡೆಗಳು. ಮಳೆ ಹೊಯ್ಯುತ್ತಲೇ ಇತ್ತು. ಪ್ರಭುಗಳು ಅಂಗಡಿಯ ಅತ್ಯಂತ ನಂಬಿಕೆಯ ವಾಚನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ಶರೀಫಾಕ ಎಡಗೈಯಲ್ಲಿ ಖರ್ಜೂರ, ಬಲಗೈಯಲ್ಲಿ ಹ್ಯಾಂಡ್ಲು ಹಿಡಿದು ಕಾರಿನ ಎದುರು ಬಾಗಿದ. ಹೆಣ್ಣುಮಕ್ಕಳು ಬಾಗಿಲ ಸಂದಿಯಲ್ಲಿ ಕಿವಿ ಮುಚ್ಚಿಕೊಂಡರು.

"ಆಯ್ತು!" ಎಂದರು ಪ್ರಭುಗಳು.

"ಹೊಡಿ!" ಎಂದರು ರವೂಫರು.

ಶರೀಫಾಕ ಬಿಸ್ಮಿ ಹೇಳಿ ಹ್ಯಾಂಡ್ಲು ಎಳೆದ.

ಕಾರು ಒಂದೇ ಎಳೆತಕ್ಕೆ ಚಾಲೂ ಆಯಿತು. ಸದ್ದಿಲ್ಲ. ಸಿಡಿತವಿಲ್ಲ. ಕಟಕಟವಂತೂ ಇಲ್ಲವೇ ಇಲ್ಲ. ಹೊಟ್ಟೆ ತುಂಬಿದ ಬೆಕ್ಕು ಒಲೆಯ ಬದಿಯಲ್ಲಿ ಗುರುಗುಟ್ಟಿದ ಹಾಗೆ ಮೆಲ್ಲಗೆ, ಹಿತವಾಗಿ, ಎಡೆಬಿಡದೆ ಓಡತೊಡಗಿತು. ದೊರೆಯ ಕಾಲದಲ್ಲೂ ಅದು ಹಾಗೆ ಓಡಿರಲಿಕ್ಕಿಲ್ಲ.

ಬೆಳಗಿನಿಂದ ಈ ಒಂದು ಸದ್ದಿಗಾಗಿ ಶರೀಫಾಕ ಎಷ್ಟು ಹಂಬಲಿಸಿದ್ದ! ಈಗ ಅದು ಬಂದಾಗ ಹಿಂದಕ್ಕೆ ಓಡಿ ಕೊಳವೆಯೊಳಗೆ ಇಣುಕಿ ನೋಡಿದ.

"ಹೊಡಿ ಮಾರಾಯ!" ರವೂಫರು ಚೀರಿದರು.

"ಹೊಡೆದಾಯ್ತಲ್ಲ ರವೂಫಾಕ! ಸಿಡಿಯುವುದಿಲ್ಲ!"

"ಕೆಡಿಸು! ಬೇಗ ಕೆಡಿಸು!"

ಭೋಜ ಡಬ್ಬಿಯನ್ನು ಆಚೆ ತಿರುಗಿಸಿದ. ಕಾರು ಹಾಡಿದ ಹಾಗೆ ಧ್ವನಿ ಏರಿಸಿತು. ಪ್ರಭುಗಳು ಈಚೆ ತಿರುಗಿಸಿದರು. ಕಾರು ಧ್ವನಿ ಇಳಿಸಿ ಜೋಗುಳ ಹಾಡಿತು. ಕೈ ಬಿಟ್ಟರೆ ಮತ್ತೆ ಗುರುಗುರು. ಅತ್ತ ಮಸೀದಿಯಲ್ಲಿ ಬಾಂಗು ಆಗಿತ್ತು, ಮಳೆಯಲ್ಲಿ ಹತ್ತಿರದ ನಾಲ್ಕು ಮನೆ ಬಿಟ್ಟು ಬೇರೆ ಯಾರಿಗೂ ಕೇಳಿರಲಿಲ್ಲ. ಕದಿನ ಬೀಳದೆ ಪೇಟೆಯ ಉಳಿದ ಯಾವ ಮನೆಯಲ್ಲೂ ಯಾರೂ ನೀರು ಮುಟ್ಟಲಿಲ್ಲ. ಬೆಳಿಗ್ಗೆ ಮೋಸಹೋಗಿದ್ದ ಖದೀಜಮ್ಮನಂತೂ, ಬಾಂಗಾಯಿತೆಂದು ಸೊಸೆ ಎಷ್ಟು ಹೇಳಿದರೂ, "ಇನ್ನು ನಾನು ನನ್ನ ಕಿವಿಯನ್ನೂ ನಂಬುವುದಿಲ್ಲ," ಎಂದು ಕೂತುಬಿಟ್ಟರಂತೆ.

ಕೊನೆಗೆ ರವೂಫರು, "ಹೊತ್ತು ಮುಳುಗಿತು! ತಿನ್ನಿ! ತಿನ್ನಿ!" ಎಂದು ಕೂಗುತ್ತ ಕೊಡೆ ಬೀಸಿ ಗಲ್ಲಿಗಲ್ಲಿ ಓಡಿದರು. ಅಂಗಳದ ಕೊಡೆಗಳೂ ಒಂದೊಂದಾಗಿ ಗೊಣಗುತ್ತ ಹೋದವು. ಹೊಟ್ಟೆ ಹಸಿದವರು ಏನು ಗೊಣಗಿದರು ಎಂದು ಬರೆಯುವುದು ಬೇಡ.

ಶರೀಫಾಕ ಖರ್ಜೂರವನ್ನು ಬಾಯಿಗಿಟ್ಟುಕೊಂಡ. ಅದೂ ರುಚಿಸಲಿಲ್ಲ. ಅವನು ಮನೆಯಲ್ಲೇ ನಮಾಜು ಮುಗಿಸಿ ಬರುವಷ್ಟರಲ್ಲಿ ಝೈನಬ್ ಟ್ರಂಕು ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಇಂಜಿನಿನ ಸದ್ದು ಕೇಳಿ ಅವಳ ಮುಖ ಅರಳಿತ್ತು.

"ಊರಿನವರ ಸಿಟ್ಟು ನಾಳೆಗೆ ಇಳೀತದೆ. ಕಾರು ಇಷ್ಟು ಚಂದ ಓಡುವುದನ್ನು ನಾನು ಕಂಡದ್ದೇ ಇಲ್ಲ. ಹೊರಡುವ! ಊಟದ ಹೊತ್ತಿಗೆ ಮುಟ್ತೇವೆ. ಮುಟ್ಟಿದರೆ ನಾನೇ ಇದಕ್ಕೆ ಹೊಸ ಸೀಟಿನ ಬಟ್ಟೆ ಹೊಲಿದು ಕೊಡ್ತೇನೆ."

ಹೆಂಡತಿಯ ಬಾಯಿಂದ ಇಂಥ ಮಾತು! ಶರೀಫಾಕನ ಎದೆ ಉಬ್ಬಿತು. ಚಕ್ರ ಹಿಡಿದು ಕೂತ. ಕಾರು ಕೆಸರಿನ ಅಂಗಳವನ್ನು ರೇಷ್ಮೆಯ ಮೇಲೆ ಜಾರಿದಂತೆ ದಾಟಿ ರಸ್ತೆಗೆ ಇಳಿಯಿತು. ಅತ್ತೆಯ ಅಂಗಳದಲ್ಲಿ ಹೇಗೆ ನಿಲ್ಲಿಸಬೇಕು, ಬಾಗಿಲ ಎದುರಿಗೋ ಬಾವಿಯ ಬದಿಗೋ ಎಂದು ಅವನು ಆಗಲೇ ಲೆಕ್ಕ ಹಾಕತೊಡಗಿದ್ದ. "ಕೋಳಿಗೂಡು ಬಂತು ಅಂತ ಹೇಳಿ," ಎಂದು ಅತ್ತೆಗೆ ಹೇಳಿ ನಗಬೇಕೆಂದೂ ತೀರ್ಮಾನಿಸಿದ.

ಮಸೀದಿಯ ಎದುರಿನ ರಸ್ತೆ ಗುಂಡಿಗಳ ರಸ್ತೆ. ನಮಾಜು ಮುಗಿಸಿದ ಜನ ಮೆಟ್ಟಿಲಿಳಿಯುತ್ತಿದ್ದರು, ಎಲ್ಲರಿಗಿಂತ ಮುಂದೆ ರವೂಫರು. ಶರೀಫಾಕ ತಲೆ ತಗ್ಗಿಸಿ ಕಣ್ಣಿಗೆ ಬೀಳದೆ ದಾಟಿಬಿಡಬೇಕೆಂದಿದ್ದ. ಕಾರಿನ ಮುಂದಿನ ಚಕ್ರ ಒಂದು ಗುಂಡಿಗೆ ಇಳಿದು ಏರಿತು.

ಢಮ್!!

ಬೆಳಗಿನದು ಇದರ ಮುಂದೆ ಸೀನು. ಮಸೀದಿಯ ಕಿಟಕಿಗಳು ಗದಗುಟ್ಟಿದವು. ಹೊಳೆಯ ಆಚೆ ದಡ ಆ ಸದ್ದನ್ನು ಎರಡು ಸಲ ತಿರುಗಿ ಹೇಳಿತು. ಕಾರು ಮೆಟ್ಟಿಲ ಎದುರೇ ನಿಂತು ಪ್ರಾಣ ಬಿಟ್ಟಿತು.

ಶರೀಫಾಕ ಮೆಲ್ಲಗೆ ಕೆಳಗಿಳಿದ. ಜನ ಸುತ್ತ ನೆರೆದರು, ಸದ್ದು ಕೇಳಿ ಭೋಜನೂ ಪ್ರಭುಗಳೂ ಓಡಿ ಬಂದರು. ಹೊಡೆತವೇ ಬೀಳುತ್ತದೆಂದು ಅವನು ಕಾದ. ಆದರೆ ರವೂಫರು ಕಾರನ್ನು ಒಂದು ಸುತ್ತು ಬಂದು, ಅದು ನಿಂತ ಜಾಗವನ್ನು ನೋಡಿ, ತಲೆಯಾಡಿಸಿದರು.

"ಇದೇ ಸರಿಯಾದ ಜಾಗ. ಮದ್ದು ಒಣಗುವ ಹಾಗೆ ಕಾಣುವುದಿಲ್ಲ. ಪೆರ್ನಾಲ್‌ ಹಬ್ಬದವರೆಗೆ ಕಾರು ಇಲ್ಲೇ ಇರಲಿ. ಸಂಜೆ ಆದ ಕೂಡಲೇ ಹಿಂದಿನಿಂದ ನೂಕಿ ಆ ಗುಂಡಿಗೆ ಇಳಿಸುವ, ಕದಿನ ತನ್ನಿಂತಾನೇ ಬೀಳ್ತದೆ." ಮತ್ತೆ ಭೋಜನ ಕಡೆಗೂ ಪ್ರಭುಗಳ ಕಡೆಗೂ ಬೆರಳು ತೋರಿಸಿದರು. "ಯಾರೂ ರಿಪೇರಿ ಮಾಡ್ಬಾರದು! ಮಾಡಿದವರು ಊರಿನ ನೋಂಬಿಗೆ ಜವಾಬ್ದಾರಿ."

ಊರೆಲ್ಲ ಸೈ ಎಂದಿತು. ಕಾರನ್ನು ಓಡಿಸುವ ಹಾಗೂ ಇಲ್ಲ, ಗುಜರಿಗೆ ಕೊಡುವ ಹಾಗೂ ಇಲ್ಲ.

ಝೈನಬ್ ಟ್ರಂಕು ಹಿಡಿದು ಇಳಿದಳು. ಅವಳು ಸಿಟ್ಟಾಗಲಿಲ್ಲ, ಅದೇ ಶರೀಫಾಕನಿಗೆ ಹೆಚ್ಚು ನೋವಾದದ್ದು. "ಮೂಡಬಿದ್ರೆಗೆ ಕಡೆಯ ಬಸ್ಸು ಉಂಟು. ನೀವು ಕಾರು ನೋಡಿಕೊಳ್ಳಿ, ನಾನು ಹೋಗ್ತೇನೆ. ಉಮ್ಮನ ಹತ್ತಿರ ಎಂತ ಹೇಳುವುದು?"

"ಕಾರು ಮಸೀದಿ ಕೆಲಸಕ್ಕೆ ಸೇರಿತು ಅಂತ ಹೇಳು," ಎಂದ ಶರೀಫಾಕ ಸೋತ ಧ್ವನಿಯಲ್ಲಿ. ಬಸ್ಸಿನ ಚಿಲ್ಲರೆಗಾಗಿ ಸೊಂಟದ ಹಸಿರು ಪಟ್ಟಿಯ ಚೀಲಕ್ಕೆ ಕೈ ಹಾಕಿದ.

ಬೆರಳಿಗೆ ತಣ್ಣಗೆ ಏನೋ ತಾಗಿತು. ಹೊರಗೆ ತೆಗೆದು ನೋಡಿದ. ಬೋಲ್ಟು.

ಅವನು ಆ ಬೋಲ್ಟನ್ನು ನೋಡಿದ, ಕಾರನ್ನು ನೋಡಿದ. ಎಲ್ಲವೂ ಒಮ್ಮೆಗೇ ಹೊಳೆಯಿತು. ಡಬ್ಬಿಯನ್ನು ಹಿಡಿದಿಡುವ ಬೋಲ್ಟೇ ಇಲ್ಲದೆ ಅದು ಬೆಳಗಿನಿಂದ ತನ್ನ ಮನಸ್ಸಿಗೆ ಬಂದ ಕಡೆ ತಿರುಗುತ್ತಿತ್ತು. ಸಂಜೆ ತಾನಾಗಿ ಸರಿಯಾದ ಜಾಗದಲ್ಲಿ ಕೂತಿತ್ತು. ಗುಂಡಿಗೆ ಇಳಿದಾಗ ಮತ್ತೆ ಜಾರಿತು. ಆ ಗುರುಗುಟ್ಟುವ ಹೊತ್ತಿನಲ್ಲಿ ಇದನ್ನೊಮ್ಮೆ ಬಿಗಿದಿದ್ದರೆ ಕಾರು ಈಗ ಸಿದ್ಧಕಟ್ಟೆ ದಾಟಿರುತ್ತಿತ್ತು. ಈಗಲೂ ಬಿಗಿಯಬಹುದು. ಆದರೆ ಎದುರಿಗೆ ರವೂಫರು ಕಣ್ಣು ಮಿಟುಕಿಸದೆ ನಿಂತಿದ್ದರು.

ಶರೀಫಾಕ ಬೋಲ್ಟನ್ನು ಚೀಲಕ್ಕೆ ಹಾಕಿ ಚಿಲ್ಲರೆ ತೆಗೆದ. ಬಸ್ಸು ಬಂತು, ಝೈನಬಳನ್ನು ಹತ್ತಿಸಿಕೊಂಡು ಹೋಯಿತು. ಮಸೀದಿಯ ಮೆಟ್ಟಿಲ ಮೇಲೆ ಭೋಜನೂ ಪ್ರಭುಗಳೂ ಇಂದಿನ ಎರಡನೆಯ ಕದಿನ ಯಾರದು ಎಂದು ಚರ್ಚೆ ಶುರುಮಾಡಿದ್ದರು.

"ಭೋಜಣ್ಣ," ಎಂದು ಶರೀಫಾಕ ಅವನನ್ನು ಬದಿಗೆ ಕರೆದ. "ಬೆಳಿಗ್ಗೆ ನನ್ನ ಪಾಲಿಂದನ್ನು ನೀವು ಬೈದಿರಲ್ಲ. ಇನ್ನೊಂದು ಸಲ ಬೈತೀರಾ?"

"ಅದಕ್ಕೆಂತ! ಯಾರಿಗೆ ಬೈಯುವುದು? ಕಾರಿಗಾ, ರವೂಫಾಕನಿಗಾ?"

ಶರೀಫಾಕ ಸೊಂಟದ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ಹೊಗೆಸೊಪ್ಪಿನ ಅಂಗಡಿಯ ಶರೀಫ್ ಅಂತ ಒಬ್ಬ ಇದ್ದಾನೆ. ಅವನಿಗೆ. ಸ್ವಲ್ಪ ಗಟ್ಟಿಯಾಗಿ ಬೈಯಿರಿ, ಮೂಡಬಿದ್ರೆಗೆ ಕೇಳ್ಬೇಕು."